ಹೊಳೆ ಬದಿಯ ಹಳೆ ಹಂಚಿನ ಕಾರ್ಖಾನೆ ಜಾಗಕ್ಕೆ ಯೋಜನೆ ಮಾಡುವಾಗ ಊರವರು ಮೊದಲು ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಹೀಗೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ ಹೊಳೆ ಬದಿಗೆ ಮುಚ್ಚಿಹೋದ ಹಂಚಿನ ಕಾರ್ಖಾನೆ ಇದೆ. ವಾಕಿಂಗ್ ಪಾತ್, ಬೋಟಿಂಗ್, ರೆಸಾರ್ಟ್ ಅಂತ ಯಾರೋ ಬಣ್ಣದ ಚಿತ್ರ ಹಿಡ್ಕೊಂಡು ಬಂದಿದ್ದಾರೆ. ನಾನು ಇದೇ ಜಿಲ್ಲೆಯಲ್ಲಿ ನಕ್ಷೆ ಬರೆಯುವ ಕೆಲಸದವನು. ಆ ಚಿತ್ರವನ್ನು ಸದ್ಯಕ್ಕೆ ಬದಿಗಿಡಿ. ನೀರಿನ ಅಂಚು ಯಾರದ್ದು ಅನ್ನೋದು ಮೊದಲು ಇತ್ಯರ್ಥ ಆಗಲಿ.

ಹಂಚಿನ ಕಾರ್ಖಾನೆಗಳು ಹೊಳೆ ಬದಿ ಹಿಡಿದದ್ದು ನೋಟ ಚೆನ್ನಾಗಿದೆ ಅಂತ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದಾಗಿನಿಂದ ಆವೆ ಮಣ್ಣು ದೋಣಿಯಲ್ಲೇ ಬರುತ್ತಿತ್ತು. ಒಡೆದ ಹಂಚು ಹೆಚ್ಚಾಗಿ ದಂಡೆಗೇ ಬೀಳುತ್ತಿತ್ತು. ಇಂಥ ಜಾಗದಲ್ಲಿ ದಂಡೆಯನ್ನು ಒಂದಡಿ ಅಗೆದು ನೋಡಿ, ಮಣ್ಣಿಗಿಂತ ಕೆಂಪು ಚೂರೇ ಜಾಸ್ತಿ. ಅಂದರೆ ಈಗ 'ಕಾರ್ಖಾನೆ ಜಾಗ' ಎನ್ನುವುದರಲ್ಲಿ ಒಂದಷ್ಟು ಹಿಂದೆ ಹೊಳೆಯೇ ಆಗಿದ್ದಿರಬಹುದು. ಹೊಳೆ ಪುರಂಬೋಕು, ಅಂದರೆ ಹೊಳೆಗೆ ಸೇರಿದ ನೆಲ, ಸರಕಾರದ್ದು, ಖಾಸಗಿಯವರು ಮಾರುವ ಹಾಗಿಲ್ಲ ಅಲ್ವಾ? ಹಾಗಾಗಿ ಹಳೆ ಸರ್ವೆ ನಕ್ಷೆ ತೆಗೆಸಿ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ವಿಲೇಜ್ ಆಫೀಸಿನಲ್ಲಿ ಸಿಗದಿದ್ದರೆ ಮಂಗಳೂರಿನಲ್ಲೂ ಹುಡುಕಿ.

ಆಮೇಲೆ ಸಿಆರ್‌ಝಡ್, ಅಂದರೆ ಕಟ್ಟಡಗಳಿಗೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆ ಪ್ರಕಾರ ಉಬ್ಬರದ ನೀರು ಏರುವ ಹೊಳೆಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಈ ವಲಯಕ್ಕೆ ಸೇರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದ್ದರೆ ಇನ್ನೂ ಬಿಗಿ. ಚಿತ್ರದಲ್ಲಿರುವ ಕಾಟೇಜುಗಳು ಈ ಗೆರೆಯ ಯಾವ ಬದಿಗೆ ಬೀಳುತ್ತವೆ ಅಂತ ಒಮ್ಮೆ ಕೇಳಿ ನೋಡಿ.

ಚಿತ್ರ ತಂದ ಕಂಪೆನಿಯವರು 'ದಂಡೆ ಎಲ್ಲರಿಗೂ ಮುಕ್ತ' ಅನ್ನುತ್ತಾರೆ. ಅದು ಕರಾರಿನಲ್ಲಿ, ಅಳತೆ ಸಮೇತ ಬರಬೇಕು. ಮುಂಬೈಯ ಬಟ್ಟೆ ಮಿಲ್ಲುಗಳ ಕಥೆ ನೋಡಿ. ಅವು ಹೆಚ್ಚಿನವು ನೀರಿನ ಬದಿಯವಲ್ಲ, ಆದರೆ ಆಟ ಇದೇ. 1991ರ ನಿಯಮದ ಪ್ರಕಾರ ಮಿಲ್ ಜಾಗದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮೈದಾನ-ಉದ್ಯಾನಕ್ಕೆ, ಒಂದು ಪಾಲು ಸರಕಾರಿ ವಸತಿಗೆ, ಉಳಿದದ್ದು ಮಾಲಕರಿಗೆ. 2001ರಲ್ಲಿ ತಿದ್ದುಪಡಿ ಬಂತು. ಪಾಲು ಇಡೀ ಜಾಗದ್ದಲ್ಲ, ಕಟ್ಟಡ ಇಲ್ಲದ ಖಾಲಿ ನೆಲದ್ದು ಮಾತ್ರ ಅಂತಾಯಿತು. ಮಿಲ್ಲು ಅಂದ ಮೇಲೆ ಖಾಲಿ ನೆಲ ಎಷ್ಟಿರುತ್ತದೆ? ಊರಿಗೆ ಸಿಗಬೇಕಾದದ್ದು ಒಂದು ಸಾಲಿನಲ್ಲಿ ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗಾಗಿ 'ಒಟ್ಟು ಜಾಗದ ಇಷ್ಟು ಪಾಲು' ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ.

ನೆರೆಯ ಬಗ್ಗೆ ಜರ್ಮನಿಯ ಹ್ಯಾಂಬರ್ಗ್‌ನಿಂದ ಒಂದು ವಿಷಯ ಕಲಿಯಬಹುದು. ಅಲ್ಲಿ 157 ಹೆಕ್ಟೇರಿನ ಹಳೆ ಬಂದರು ಜಾಗವನ್ನು ಹೊಸ ಪೇಟೆ ಮಾಡುವಾಗ ಕಟ್ಟಡಗಳನ್ನು ಎತ್ತರಿಸಿದ ನೆಲದ ಮೇಲೆ ಕಟ್ಟಿದರು, ನೀರಿನ ಬದಿಯ ನಡಿಗೆ ದಾರಿಯನ್ನು ತಗ್ಗಿನಲ್ಲೇ ಬಿಟ್ಟರು. ನೀರು ಏರಿದರೆ ದಾರಿ ಮುಳುಗಲಿ ಅಂತ ಮೊದಲೇ ಲೆಕ್ಕ ಹಾಕಿದ್ದು. ಹಾಗಂತ ಕೆಂಪು ಮಣ್ಣು ತಂದು ಸುರಿದು ನೆಲ ಎತ್ತರಿಸುವುದನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪಬೇಡಿ. ಆಟಿಯ ಮಳೆಗೆ ಆ ನೀರು ಪಕ್ಕದವರ ಗದ್ದೆಗೇ ನುಗ್ಗುತ್ತದೆ.

ಹಳೆ ಶೆಡ್ಡು, ಚಿಮಣಿ ಕೆಡವಲು ಅವಸರ ಬೇಡ. ಫೋರ್ಟ್ ಕೊಚ್ಚಿಯಲ್ಲಿ ನೀರಿಗೆ ಮುಖ ಮಾಡಿದ ಆಸ್ಪಿನ್‌ವಾಲ್ ಹೌಸ್‌ನ ಗೋದಾಮುಗಳಲ್ಲೇ 2012ರಿಂದ ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆದಿದೆ. ಆದರೆ ಎಣ್ಣೆ ಟ್ಯಾಂಕು ಇದ್ದ ಕಡೆಯ ಮಣ್ಣನ್ನು ಪರೀಕ್ಷೆಗೆ ಕಳಿಸದೆ ಅಲ್ಲಿ ಮಕ್ಕಳ ಪಾರ್ಕ್ ಮಾಡಬೇಡಿ.

ಇನ್ನು, ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರು, ಬಲೆ ಬೀಸುವವರು ಈಗ ಎಲ್ಲಿ ದೋಣಿ ಕಟ್ಟುತ್ತಾರೆ, ಯಾವ ದಾರಿಯಲ್ಲಿ ಇಳಿಯುತ್ತಾರೆ ಅನ್ನೋದನ್ನು ನಕ್ಷೆಯಲ್ಲಿ ಗುರುತು ಮಾಡಿಸಿ. ಬಣ್ಣದ ಚಿತ್ರಗಳಲ್ಲಿ ಅವರು ಯಾವತ್ತೂ ಇರುವುದಿಲ್ಲ. ಗ್ರಾಮಸಭೆಗೆ ಅವರನ್ನು ಕರೆದುಕೊಂಡೇ ಹೋಗಿ. ನೋಟಿಸು, ಯೋಜನೆಯ ವಿವರ ಬರೀ ಮಲಯಾಳದಲ್ಲಿದ್ದರೆ ಕನ್ನಡದಲ್ಲೂ ಕೊಡಿ ಅಂತ ಅರ್ಜಿ ಹಾಕಿ. ಆ ಅರ್ಜಿಯನ್ನೂ ಕನ್ನಡದಲ್ಲೇ ಬರೆಯಿರಿ, ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ. ಕೊಟ್ಟದ್ದಕ್ಕೆ ರಶೀದಿ ತೆಗೆದುಕೊಳ್ಳಿ.