ಓದುಗರ ಪ್ರಶ್ನೆ: ಮೂವತ್ತಾರು ಕವಿಗಳ ತೂಗುಸುರುಳಿ

ಪ್ರಶ್ನೆ: ಜಪಾನಿನ ‘ಮೂವತ್ತಾರು ಕವಿಗಳು’ ಎಂಬ ತೂಗುಸುರುಳಿಯಲ್ಲಿ (ಗೋಡೆಗೆ ತೂಗುಹಾಕುವ, ಸುತ್ತಿಡಬಹುದಾದ ಚಿತ್ರ) ಎಷ್ಟು ಸಲ ಎಣಿಸಿದರೂ ಮೂವತ್ತೈದೇ ಮಂದಿ ಸಿಗುತ್ತಾರೆ. ಒಬ್ಬರು ಅಳಿಸಿಹೋಗಿದ್ದಾರೆಯೇ?

ಉತ್ತರ: ಇಲ್ಲ, ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಗುಂಪಿನಲ್ಲಿ ಬಟ್ಟೆಯ ಪರದೆಯೊಂದನ್ನು ಹುಡುಕಿ. ಸೈಗೂ ನೊ ನ್ಯೋಗೊ ಅದರ ಹಿಂದಿದ್ದಾರೆ. ಇಸೆ ದೇಗುಲದ ಸೇವೆಯಲ್ಲಿದ್ದು, ಮುಂದೆ ಮುರಾಕಾಮಿ ಚಕ್ರವರ್ತಿಯ ಪತ್ನಿಯಾದ ರಾಜವಂಶದ ಹೆಣ್ಣುಮಗಳು ಅವರು. ಮುಖ ತೋರಿಸದಿರುವುದೇ ಅವರಿಗೆ ಸಲ್ಲಿಸಿದ ಗೌರವ. ಈ ಕವಿಗಳನ್ನು 11ನೇ ಶತಮಾನದ ಆರಂಭದಲ್ಲಿ ಆರಿಸಿದವರು ಕವಿ ಫುಜಿವಾರ ನೊ ಕಿಂತೊ. ಹಳೆಯ ಚಿತ್ರಗಳಲ್ಲಿ ಒಬ್ಬೊಬ್ಬರೂ ತಮ್ಮ ಕವಿತೆಯ ಪಕ್ಕ ಒಂಟಿಯಾಗಿ ಕೂತಿರುತ್ತಾರೆ. ಚಿತ್ರಕಾರ ಓಗಾತ ಕೋರಿನ್ (1658–1716) ಎಲ್ಲರನ್ನೂ ಒಂದೇ ಕೂಟದಲ್ಲಿ ಒತ್ತೊತ್ತಾಗಿ ಕೂರಿಸಿದ. ನಂತರದ ಚಿತ್ರಕಾರರಾದ ಸಾಕಾಯಿ ಹೋಯಿತ್ಸು, ಸುಜುಕಿ ಕಿಯಿತ್ಸು ಅದೇ ದಾರಿ ಹಿಡಿದರು. ಶತಮಾನಗಳ ಅಂತರದಲ್ಲಿ ಬಾಳಿದವರು ಭುಜಕ್ಕೆ ಭುಜ ತಾಗಿಸಿ ಕೂತಿರುವ ಈ ಕಲ್ಪನೆಗಿಂತ ಚೆಲುವಾದದ್ದು ಈ ಪರಂಪರೆಯಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಒಬ್ಬರೇ ಕವಿ ಇರುವ ತೂಗುಸುರುಳಿಗಳು ಮೊದಲಿನಿಂದಲೂ ಹಾಗೆಯೇ ಇದ್ದವೇ?

ಉತ್ತರ: ಎಲ್ಲವೂ ಅಲ್ಲ. ಸಾತಾಕೆ ಮನೆತನದ ಬಳಿಯಿದ್ದ, ಅದೇ ಹೆಸರಿನಿಂದ ಕರೆಯುವ 13ನೇ ಶತಮಾನದ ‘ಮೂವತ್ತಾರು ಕವಿಗಳು’ ಪ್ರತಿ ಎರಡು ಉದ್ದನೆಯ ಅಡ್ಡಸುರುಳಿಗಳಾಗಿತ್ತು. ಇಡಿಯಾಗಿ ಕೊಳ್ಳುವವರು ಸಿಗದೆ 1919ರ ಡಿಸೆಂಬರಿನಲ್ಲಿ ಅದನ್ನು 37 ತುಂಡು ಮಾಡಿ ಚೀಟಿ ಎತ್ತಿ ಹಂಚಿದರು. 36 ಕವಿಗಳಿಗೆ, ಇನ್ನೊಂದು ಸುಮಿಯೊಶಿ ದೇಗುಲದ ದೃಶ್ಯಕ್ಕೆ. ಆಮೇಲೆ ತುಂಡುಗಳಿಗೆ ಜರಿಬಟ್ಟೆಯ ಅಂಚು ಕಟ್ಟಿ ತೂಗುಹಾಕಿದರು. ಹಾಗಾಗಿ ಅಂಚಿನ ಬಟ್ಟೆ ನೋಡಿ ಚಿತ್ರದ ವಯಸ್ಸು ಅಳೆಯಬೇಡಿ.

ಪ್ರಶ್ನೆ: ಹಳೆಯ ತೂಗುಸುರುಳಿಯಲ್ಲಿ ಅಡ್ಡಗೆರೆಗಳು ಮೂಡಿ ಬಿಳಿ ಬಣ್ಣ ಉದುರುತ್ತಿದೆ. ಇಸ್ತ್ರಿ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಆ ಬಿಳಿ ಚಿಪ್ಪಿನ ಪುಡಿಯದು, ಹೆಸರು ‘ಗೋಫುನ್’. ಅದನ್ನು ಹಿಡಿದಿರುವುದು ಪ್ರಾಣಿಜನ್ಯ ಅಂಟು; ಬಿಸಿ, ಹಬೆ ತಾಗಿದರೆ ಸಡಿಲವಾಗುತ್ತದೆ. ಅಂಟುಟೇಪು ಇನ್ನೂ ಕೆಟ್ಟದ್ದು. ಹಿಂಬದಿಯ ಕಾಗದದ ಪದರಗಳು ಒಣಗಿ ಬಿರುಸಾಗಿ, ಪ್ರತಿ ಸಲ ಸುತ್ತಿದಾಗಲೂ ಅದೇ ಜಾಗದಲ್ಲಿ ಮುರಿದುಕೊಳ್ಳುವುದೇ ಗೆರೆಗೆ ಕಾರಣ. ಪರಿಣತರು ಹಳೆಯ ಪದರ ಬಿಡಿಸಿ, ಜಪಾನಿನ ಕೈಕಾಗದಗಳಲ್ಲಿ ಮೊದಲು ಮಿನೊ, ನಂತರ ಮಿಸು, ಕೊನೆಗೆ ಉದಾ ಅಂಟಿಸುತ್ತಾರೆ. ಗೆರೆಯ ಹಿಂದೆ ತೆಳುವಾದ ಕಾಗದಪಟ್ಟಿಗಳ ಆಸರೆ ಕೊಡುತ್ತಾರೆ. ಮೊದಲ ಪದರಕ್ಕೆ ಹೊಸ ಗೋಧಿ ಅಂಟು. ಆಮೇಲಿನವಕ್ಕೆ ಜಾಡಿಯಲ್ಲಿ ವರ್ಷಗಟ್ಟಲೆ ಹಳತು ಮಾಡಿದ್ದು. ಹಳತಾದ ಅಂಟಿಗೆ ಹಿಡಿತ ಕಡಿಮೆ. ಆದ್ದರಿಂದಲೇ ಒಣಗಿದ ಮೇಲೂ ಸುರುಳಿ ಮೆತ್ತಗೆ ಸುತ್ತಿಕೊಳ್ಳುತ್ತದೆ; ಹಿಡಿತದ ಕೊರತೆಯನ್ನು ದಪ್ಪ ಕುಂಚದಿಂದ ಬಡಿದು ತುಂಬುತ್ತಾರೆ.

ನೀವು ಮಾಡಬಹುದಾದದ್ದು ಇಷ್ಟು. ಬಣ್ಣ ಉದುರುತ್ತಿರುವಾಗ ಬಿಚ್ಚುವುದು, ಸುತ್ತುವುದು ಎರಡನ್ನೂ ನಿಲ್ಲಿಸಿ. ದುರಸ್ತಿಯಾದ ಮೇಲೆ ಕೆಳಗಿನ ಕೋಲಿಗೆ ‘ಫುತೊಮಾಕಿ’ ಎಂಬ ಪೌಲೋನಿಯಾ ಮರದ ದಪ್ಪ ಕೊಳವೆ ತೊಡಿಸಿ ಸುತ್ತಿ. ಸುತ್ತು ಅಗಲವಾದಷ್ಟೂ ಬಣ್ಣ ಕಡಿಮೆ ಬಾಗುತ್ತದೆ. ಸುತ್ತುವಾಗ ಅಂಚು ಒಂದು ಕಡೆಗೆ ಜಾರಿದರೆ ಅಂಗೈಯಿಂದ ಗುದ್ದಿ ಸರಿಮಾಡಬೇಡಿ, ಅಂಚಿನ ಬಟ್ಟೆ ಸವೆಯುತ್ತದೆ. ಬಿಚ್ಚಿ ಮತ್ತೆ ಸುತ್ತಿ. ಕಟ್ಟುವ ದಾರದಡಿ ಕಾಗದದ ಚೂರಿಟ್ಟು ಸಡಿಲವಾಗಿ ಕಟ್ಟಿ. ತೇವದ ದಿನ ಸುತ್ತಿ ಪೆಟ್ಟಿಗೆಗೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ.