ಹೈಬ್ರಿಡ್ ಕಾರು: ಟ್ಯಾಂಕಿನ ಲೆಕ್ಕ, ಬಲಗಾಲಿನ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೈಬ್ರಿಡ್ ಕಾರಿನ ಮೈಲೇಜ್ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ–ಮೋಟಾರೂ ಇರುವ ಕಾರು; ಮೋಟಾರ್ ತಾನೊಂದೇ ಕಾರನ್ನು ಎಳೆಯಬಲ್ಲದಾದರೆ ಅದು ಸ್ಟ್ರಾಂಗ್ ಹೈಬ್ರಿಡ್.

ಪ್ರಶ್ನೆ: ನಮ್ಮದು 1.5 ಲೀಟರ್ ಎಂಜಿನ್ನಿನ ಸ್ಟ್ರಾಂಗ್ ಹೈಬ್ರಿಡ್. ಮನೆಯಿಂದ ಆಫೀಸಿಗೆ ಮೂರೇ ಕಿ.ಮೀ. ಲೀಟರಿಗೆ 16 ದಾಟುತ್ತಿಲ್ಲ. ‘ಸಿಟಿಯಲ್ಲೇ ಹೈಬ್ರಿಡ್ ಚೆನ್ನಾಗಿ ಕೊಡುತ್ತೆ’ ಅಂತ ಕೇಳಿ ತಗೊಂಡೆವು. ಕಾರಿನಲ್ಲೇ ದೋಷವಿದೆಯೇ? (ಮೈಸೂರು)

ದೋಷ ಕಾರಿನದಲ್ಲ, ಮೂರು ಕಿ.ಮೀ.ನದು. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಮೇಲೆ, ಬ್ಯಾಟರಿ ತುಂಬಿದ್ದರೂ ಕಂಪ್ಯೂಟರ್ ಅದನ್ನು ಸ್ವಲ್ಪ ಹೊತ್ತು ಓಡಿಸಿಯೇ ತೀರುತ್ತದೆ. ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಾಯದೆ ಹೊಗೆ ಶುದ್ಧವಾಗುವುದಿಲ್ಲ, ಆಯಿಲ್ ಬಿಸಿಯಾಗದೆ ಒಳಗಿನ ತಿಕ್ಕಾಟ ಕಡಿಮೆಯಾಗುವುದಿಲ್ಲ. ಎಲ್ಲಾ ಕಾದು ‘ಇನ್ನು ಎಂಜಿನ್ ಆರಿಸಬಹುದು’ ಅನ್ನುವ ಹೊತ್ತಿಗೆ ನೀವು ಆಫೀಸಿನ ಗೇಟಿನಲ್ಲಿರುತ್ತೀರಿ. ಸಂಜೆ ಮತ್ತೆ ಅದೇ ಕಥೆ. ಹೈಬ್ರಿಡ್‌ನ ಲಾಭವೆಲ್ಲ ಎಂಜಿನ್ ಕಾದ ಮೇಲಿನ ಓಡಾಟದಲ್ಲಿ. ಆದ್ದರಿಂದ ತರಕಾರಿ, ಬ್ಯಾಂಕು, ಮಕ್ಕಳ ಟ್ಯೂಷನ್ ಇವನ್ನೆಲ್ಲ ಒಂದೇ ಸುತ್ತಿಗೆ ಜೋಡಿಸಿ. ದೂರದ ಕೆಲಸ ಮೊದಲು, ಹತ್ತಿರದ್ದು ಆಮೇಲೆ. ನಿಂತಲ್ಲೇ ಐದು ನಿಮಿಷ ಎಂಜಿನ್ ಕಾಯಿಸುವ ಹಳೆಯ ಅಭ್ಯಾಸ ಬೇಡ; ಮೆಲ್ಲಗೆ ಓಡಿಸಿಯೇ ಕಾಯಿಸಿ.

ಕಂಪನಿ ಹೇಳುವ ಅಂಕಿಯ ಬಗ್ಗೆ ಎರಡು ಮಾತು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬರುವ ಹೈರೈಡರ್ ಹೈಬ್ರಿಡ್‌ಗೂ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೂ 2022ರಲ್ಲಿ ಘೋಷಿಸಿದ್ದು 27.97 ಕಿ.ಮೀ. ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ 23.24. ಇವು ಸುಳ್ಳಲ್ಲ, ಆದರೆ ರಸ್ತೆಯ ಅಂಕಿಗಳೂ ಅಲ್ಲ. ಪರೀಕ್ಷೆ ನಡೆಯುವುದು ಒಳಾಂಗಣದಲ್ಲಿ, ರೋಲರುಗಳ ಮೇಲೆ, ಎ.ಸಿ. ಆಫ್, ಒಟ್ಟು ಓಟ 11 ಕಿ.ಮೀ.ಗಿಂತ ಕಡಿಮೆ, ಗರಿಷ್ಠ ವೇಗ 90, ಸರಾಸರಿ 32ರ ಆಸುಪಾಸು. ನಿಮ್ಮಂಥ 1.5 ಲೀಟರ್ ಕಾರಿನಲ್ಲಿ ನಿಮ್ಮದಕ್ಕಿಂತ ಉದ್ದದ ಓಡಾಟಕ್ಕೆ 20ರಿಂದ 23 ಬಂದರೆ ಗೊಣಗಬೇಕಾಗಿಲ್ಲ.

ಪ್ರಶ್ನೆ: ಆದಷ್ಟೂ ಇ.ವಿ. (ಬರೀ ಬ್ಯಾಟರಿಯಿಂದ ಓಡುವ) ಮೋಡ್‌ನಲ್ಲೇ ಓಡಲಿ ಎಂದು ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡಿಸುತ್ತೇನೆ. ಹಿಂದಿನವರು ಹಾರ್ನ್ ಹೊಡೆದದ್ದೇ ಲಾಭ, ಮೈಲೇಜ್ ಏರಿಲ್ಲ. ಏಕೆ? (ಬೆಂಗಳೂರು)

ಹಾರ್ನ್ ಹೊಡೆದವರು ನ್ಯಾಯವಾಗಿಯೇ ಹೊಡೆದಿದ್ದಾರೆ. ಚಾರ್ಜರ್‌ಗೆ ಸಿಕ್ಕಿಸದ ಹೈಬ್ರಿಡ್‌ನಲ್ಲಿ ಬ್ಯಾಟರಿಯೊಳಗಿನ ಪ್ರತಿ ಹನಿ ಕರೆಂಟೂ ನಿಮ್ಮ ಟ್ಯಾಂಕಿನ ಪೆಟ್ರೋಲಿನದೇ. ಅದು ಎರಡನೇ ಟ್ಯಾಂಕಲ್ಲ, ಎಂಜಿನ್ ಕೊಟ್ಟ ಕೈಗಡ. ಅದೂ ಪುಟ್ಟ ಕೈಗಡ: ಮೇಲೆ ಹೇಳಿದ ಹೈರೈಡರ್, ಗ್ರ್ಯಾಂಡ್ ವಿಟಾರಾ ಎಂಬ 1.5 ಲೀಟರ್ ಕಾರುಗಳ ಬ್ಯಾಟರಿ ಹಿಡಿಯುವುದು 0.76 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಬಾಳಿಕೆ ಬರಲೆಂದು ಅದರಲ್ಲೂ ಹೆಚ್ಚುಕಡಿಮೆ ಅರ್ಧವನ್ನು ಮಾತ್ರ ಬಳಸಲಾಗುತ್ತದೆ. ಎಂಜಿನ್ನಿನಿಂದ ಜನರೇಟರ್, ಅಲ್ಲಿಂದ ಬ್ಯಾಟರಿ, ಮತ್ತೆ ಮೋಟಾರ್, ಆಮೇಲೆ ಚಕ್ರ. ಇಷ್ಟು ಕೈ ದಾಟುವಾಗ ಕಾಲುಭಾಗದಷ್ಟು ಸುಲಭವಾಗಿ ಸೋರಿಹೋಗುತ್ತದೆ. ಬ್ಯಾಟರಿಯನ್ನು ಬರಿದು ಮಾಡಿ ಇ.ವಿ.ಯಲ್ಲಿ ತೆವಳಿದರೆ, ಮುಂದಿನ ಸಿಗ್ನಲ್ಲಿನಲ್ಲಿ ನಿಂತಿರುವಾಗಲೇ ಎಂಜಿನ್ ಎದ್ದು ಅದನ್ನು ತುಂಬಿಸುತ್ತದೆ.

ಈ ಎಂಜಿನ್ನುಗಳು ಅಟ್ಕಿನ್ಸನ್ ಪದ್ಧತಿಯವು. ಒಳಹೋಗುವ ಗಾಳಿಯ ವಾಲ್ವ್ ತಡವಾಗಿ ಮುಚ್ಚುವುದರಿಂದ ಸಂಕೋಚನಕ್ಕಿಂತ ವಿಸ್ತರಣೆ ದೊಡ್ಡದು. ಸುಟ್ಟ ಪೆಟ್ರೋಲಿನಿಂದ ಕೆಲಸ ಹೆಚ್ಚು ಹಿಂಡುತ್ತದೆ, ಅತ್ಯುತ್ತಮ ಸ್ಥಿತಿಯಲ್ಲಿ ನೂರಕ್ಕೆ 40ರ ಹತ್ತಿರ. ಆ ಸ್ಥಿತಿ ಸಿಗುವುದು ಎಂಜಿನ್ನಿಗೆ ಹದವಾದ ಭಾರ ಬಿದ್ದಾಗ. ಗುಬ್ಬಿಯಷ್ಟು ಕೆಲಸ ಕೊಟ್ಟರೆ ಅದೂ ದಂಡ, ಆಕ್ಸಿಲರೇಟರನ್ನು ಕಾರ್ಪೆಟ್ಟಿಗೆ ಒತ್ತಿದರೂ ದಂಡ.

ಹೀಗೆ ಮಾಡಿ. ಸಿಗ್ನಲ್ ಬಿಟ್ಟಾಗ ಎಂಜಿನ್ ಏಳುತ್ತದೆಂದು ಹೆದರದೆ, ಪವರ್ ಮೀಟರಿನ ಮುಳ್ಳು ಇಕೋ ಪಟ್ಟಿಯ ಮೇಲ್ಭಾಗದಲ್ಲಿ ನಿಲ್ಲುವಷ್ಟು ಒತ್ತಿ 50–55ಕ್ಕೆ ಏರಿಸಿ. ಆಮೇಲೆ ಕಾಲನ್ನು ಪೂರ್ತಿ ಎತ್ತಿ. ಎಂಜಿನ್ ಆರುತ್ತದೆ. ಈಗ ಮತ್ತೆ ಹಗುರವಾಗಿ ಒತ್ತಿ, ಮುಳ್ಳು ಚಾರ್ಜ್‌ಗೂ ಇಳಿಯದೆ ಪವರ್‌ಗೂ ಏರದೆ ನಡುವೆ ನಿಲ್ಲಲಿ. ಕಾರು ತನ್ನ ಓಘದಲ್ಲೇ ಜಾರುತ್ತದೆ. 40ಕ್ಕೆ ಇಳಿದಾಗ ಮತ್ತೆ ಏರಿಸಿ. ಹೊರವರ್ತುಲ ರಸ್ತೆ ಖಾಲಿ ಇರುವ ಭಾನುವಾರ ಬೆಳಿಗ್ಗೆ ಅಭ್ಯಾಸ ಮಾಡಿದರೆ ಕಾಲಿಗೆ ಹಿಡಿತ ಬರುತ್ತದೆ. ಗಿಜಿಗುಡುವ ಟ್ರಾಫಿಕ್‌ನಲ್ಲಿ ಇದನ್ನು ಮಾಡಹೋಗಬೇಡಿ. ಅಲ್ಲಿ ಮುಂದಿನ ಗಾಡಿಯಿಂದ ಅಂತರ ಬಿಟ್ಟು ಉರುಳುತ್ತಿರುವುದೇ ಸಾಕು.

ಬ್ರೇಕ್ ವಿಷಯ ಇದಕ್ಕಿಂತ ಮುಖ್ಯ. ಜನರೂ ಸೇರಿ ಸುಮಾರು 1,450 ಕೆ.ಜಿ. ತೂಗುವ ಕಾರನ್ನು ನಿಂತಲ್ಲಿಂದ 60ಕ್ಕೆ ತರಲು ಹೆಚ್ಚುಕಡಿಮೆ 18 ಮಿಲಿ ಪೆಟ್ರೋಲ್ ಬೇಕು. ದೂರದಿಂದಲೇ ಮೆತ್ತಗೆ ಬ್ರೇಕ್ ಒತ್ತಿದರೆ ಮೋಟಾರ್ ಜನರೇಟರ್ ಆಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಹಂಪ್ ಕಣ್ಣೆದುರು ಬಂದ ಮೇಲೆ ಗಕ್ಕನೆ ಒತ್ತಿದರೆ ಪ್ಯಾಡು–ಡಿಸ್ಕು ಬಿಸಿಯಾಗುತ್ತವೆ, ಅಷ್ಟೆ. ಮುಳ್ಳು ಚಾರ್ಜ್ ಪಟ್ಟಿಯ ತುದಿ ಮುಟ್ಟಿದೆ ಎಂದರೆ ಅಲ್ಲಿಂದಾಚೆ ಒತ್ತಿದ್ದೆಲ್ಲ ಪ್ಯಾಡಿನ ಪಾಲು. ಬ್ರೇಕನ್ನೇ ಒತ್ತದೆ ನಿಭಾಯಿಸಿದರೆ ಇನ್ನೂ ಒಳ್ಳೆಯದು. ಕಳೆದು ಮರಳಿ ಪಡೆಯುವುದಕ್ಕಿಂತ ಕಳೆಯದಿರುವುದೇ ಲಾಭ.

ಪ್ರಶ್ನೆ: ಸಿಟಿಯಲ್ಲಿ 22 ಕೊಡುವ ಕಾರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 18ಕ್ಕೆ ಇಳಿಯುತ್ತದೆ. ಹೋಗುವಾಗ ಪರವಾಗಿಲ್ಲ, ಬರುವಾಗ ಇನ್ನೂ ಕಡಿಮೆ. (ರಾಮನಗರ)

ಬ್ರೇಕೇ ಹಾಕದ ದಾರಿಯಲ್ಲಿ ಮರಳಿ ಪಡೆಯಲು ಏನೂ ಇರುವುದಿಲ್ಲ. ಅಲ್ಲಿ ಹೈಬ್ರಿಡ್ ಬರೀ ಪೆಟ್ರೋಲ್ ಕಾರಿನಂತೆ ಓಡುತ್ತದೆ, ಮೇಲಿಂದ ಮೋಟಾರು–ಬ್ಯಾಟರಿಯ ಭಾರ ಬೇರೆ. ಉಳಿದದ್ದು ಗಾಳಿಯ ಆಟ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಲ್ಲಿ ಇದ್ದುದು 100ರಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು, 120ರಲ್ಲಿ ಎರಡೂಕಾಲು ಪಟ್ಟು. ಅಲ್ಲಿ ಕಾರಿಗೆ ಮಿತಿಯೇ 100. ಕ್ರೂಸ್ ಕಂಟ್ರೋಲನ್ನು 85–90ಕ್ಕೆ ಹಾಕಿ ಒಂದು ಟ್ರಿಪ್ ಮಾಡಿ ನೋಡಿ. ಸುಮಾರು 119 ಕಿ.ಮೀ. ದಾರಿಯಲ್ಲಿ ಕಳೆದುಕೊಳ್ಳುವುದು ಹತ್ತು–ಹನ್ನೆರಡು ನಿಮಿಷ, ಒಂದು ಕಾಫಿಯ ಹೊತ್ತು. ತಲೆಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಇಳಿಸಿ.

ಬರುವಾಗ ಕಡಿಮೆಯಾಗುವುದಕ್ಕೆ ಎತ್ತರವೂ ಒಂದು ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಮೈಸೂರು 770ರ ಆಸುಪಾಸು, ನಡುವಿನ ಮಂಡ್ಯ ಇನ್ನೂ ತಗ್ಗು. ಆ 150 ಮೀಟರ್ ಏರಿಸಲು ಇನ್ನೂರು ಮಿಲಿಯಷ್ಟು ಪೆಟ್ರೋಲ್ ಹೆಚ್ಚು ಬೇಕು. ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿದ್ದರೆ ಎದುರುಗಾಳಿಯನ್ನೋ ಬಲಗಾಲನ್ನೋ ಅನುಮಾನಿಸಿ. ಹೋಗುತ್ತಾ ಬರುತ್ತಾ ಸೇರಿಸಿಯೇ ಲೆಕ್ಕ ಹಾಕುವುದು ಸರಿ.

ಪ್ರಶ್ನೆ: ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ ಜೋರಾಗಿ ಅರಚಿಕೊಳ್ಳುತ್ತದೆ. ಇಳಿಜಾರಿನಲ್ಲೂ ಪೆಟ್ರೋಲ್ ಕುಡಿಯುತ್ತದೆಯೇ? (ಸಕಲೇಶಪುರ)

ಇಲ್ಲ. ಮುಕ್ಕಾಲು ಯೂನಿಟ್ಟಿನ ಬ್ಯಾಟರಿಗೆ ಘಾಟಿ ಬಹಳ ದೊಡ್ಡದು. ಲೆಕ್ಕ ಹಾಕಿದರೆ 150 ಮೀಟರಿನಷ್ಟು ಇಳಿಯುವಷ್ಟರಲ್ಲೇ ಅದರ ಬಳಕೆಯ ಭಾಗ ತುಂಬಿಬಿಡುತ್ತದೆ. ಆಮೇಲೆ ಬರುವ ಕರೆಂಟಿಗೆ ಜಾಗವಿಲ್ಲ. ಆಗ ಕಂಪ್ಯೂಟರ್ ಆ ಕರೆಂಟಿನಿಂದಲೇ ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ತಿರುಗಿಸಿ ಶಕ್ತಿಯನ್ನು ಖರ್ಚು ಮಾಡುತ್ತದೆ. ನೀವು ಕೇಳುವುದು ಆ ಸದ್ದು. ಗೇರ್ ಲಿವರನ್ನು ‘ಬಿ’ಗೆ ಹಾಕಿದರೆ ಈ ಕೆಲಸ ಮೊದಲೇ ಶುರುವಾಗಿ ಬ್ರೇಕ್ ಕಾಯುವುದು ತಪ್ಪುತ್ತದೆ. ಘಾಟಿಯಲ್ಲಿ ಬಿ ಹಾಕಿ, ಕೆಳಗೆ ತಲುಪಿದ ಮೇಲೆ ಡಿ. ‘ಬಿಯಲ್ಲಿ ಚಾರ್ಜ್ ಜಾಸ್ತಿ’ ಎಂದು ಸಮತಟ್ಟಾದ ಊರೊಳಗೂ ಅದರಲ್ಲೇ ಓಡಿಸುವವರಿದ್ದಾರೆ; ಹದವಾಗಿ ಬ್ರೇಕ್ ಒತ್ತಿದರೂ ಅಷ್ಟೇ ಚಾರ್ಜ್ ಸಿಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಅಪಾಯ ಒಂದು ಕಡೆ, ಚಾರ್ಜೂ ಆಗುವುದಿಲ್ಲ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಅದೇ ಕತೆ.

ಪ್ರಶ್ನೆ: ಎರಡು ವರ್ಷದ ಕಾರು. ಮಳೆಗಾಲ ಕಳೆದ ಮೇಲೆ ಮೈಲೇಜ್ ಎರಡು ಕಿ.ಮೀ. ಬಿದ್ದಿದೆ. ಸರ್ವಿಸ್ ಆಗಿದೆ, ಎಚ್ಚರಿಕೆಯ ದೀಪ ಯಾವುದೂ ಇಲ್ಲ. (ಮಂಗಳೂರು)

ಮೊದಲು ಟಯರ್. ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುವ ಒತ್ತಡ ತಣ್ಣನೆಯ ಟಯರಿನದು: ಕಾರು ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿ.ಮೀ. ಒಳಗೆ ಓಡಿರಬೇಕು. ಓಡಿಸಿಕೊಂಡು ಬಂಕಿಗೆ ಹೋದರೆ ಮೂರರಿಂದ ಐದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ‘ಜಾಸ್ತಿಯಾಗಿದೆ’ ಎಂದು ಬಿಟ್ಟರೆ ಮರುದಿನ ಬೆಳಿಗ್ಗೆ ಟಯರ್ ಸೊರಗಿರುತ್ತದೆ. ಕೆಲವು ನೂರು ರೂಪಾಯಿಗೆ ಒಂದು ಡಿಜಿಟಲ್ ಗೇಜ್ ಕೊಂಡು ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ನೋಡಿ. ನಾಲ್ಕೂ ಟಯರಿನಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ನೂರಕ್ಕೆ 0.2ರಷ್ಟು ಇಳಿಯುತ್ತದೆ ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಅಂಕಿ ಸಣ್ಣದು, ಆದರೆ ಏಳೆಂಟು ಪಿಎಸ್‌ಐ ಇಳಿದ ಟಯರಿನಲ್ಲಿ ಓಡಾಡುವವರು ಬೇಕಾದಷ್ಟಿದ್ದಾರೆ. ನೈಟ್ರೋಜನ್ನಿಗೆ ದುಡ್ಡು ಸುರಿಯಬೇಡಿ. ಬಿಟ್ಟಿ ಗಾಳಿಯಲ್ಲೇ ಅದು ನೂರಕ್ಕೆ 78 ಇದೆ.

ನಿಮ್ಮ ಊರಿನವರು ಎರಡನೆಯದಾಗಿ ನೋಡಬೇಕಾದದ್ದು ಬ್ರೇಕ್ ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ. ಹೈಬ್ರಿಡ್‌ನಲ್ಲಿ ಹೆಚ್ಚಿನ ಬ್ರೇಕಿಂಗ್ ಮೋಟಾರಿನಿಂದಲೇ ಆಗುವುದರಿಂದ ಪ್ಯಾಡುಗಳಿಗೆ ಕೆಲಸವಿಲ್ಲ. ಕರಾವಳಿಯ ಉಪ್ಪುಗಾಳಿ, ಮೂರು ತಿಂಗಳ ಮಳೆ ಸೇರಿ ಕ್ಯಾಲಿಪರಿನ ಸ್ಲೈಡ್ ಪಿನ್‌ಗಳು ತುಕ್ಕು ಹಿಡಿದು ಬಿಗಿಯುತ್ತವೆ, ಪ್ಯಾಡು ಡಿಸ್ಕಿಗೆ ಸವರಿಕೊಂಡೇ ಇರುತ್ತದೆ. ಇದಕ್ಕೆ ದೀಪ ಹತ್ತುವುದಿಲ್ಲ. ಪರೀಕ್ಷೆ ಸುಲಭ: ಹತ್ತು ಕಿ.ಮೀ. ಓಡಿಸಿ, ಆದಷ್ಟೂ ಬ್ರೇಕ್ ಹಾಕದೆ ನಿಲ್ಲಿಸಿ, ನಾಲ್ಕೂ ವೀಲ್‌ಗಳ ಹತ್ತಿರ ಕೈ ಹಿಡಿಯಿರಿ, ಡಿಸ್ಕನ್ನು ಮುಟ್ಟಬೇಡಿ. ಒಂದರ ಬಿಸಿ ಉಳಿದವುಗಳಿಗಿಂತ ಎದ್ದು ಕಂಡರೆ ಅಲ್ಲೇ ಹಿಡಿದಿದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಪಿನ್ ಬಿಚ್ಚಿ ತೊಳೆದು ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿಸಿ. ‘ಜನರಲ್ ಸರ್ವಿಸ್’ ಎಂದರೆ ಇದು ಸೇರಿರುತ್ತದೆ ಎಂದುಕೊಳ್ಳಬೇಡಿ, ಹೇಳಿ ಮಾಡಿಸಿ.

ಮೂರನೆಯದು, ಬ್ಯಾಟರಿ ತಂಪಾಗಲು ಗಾಳಿ ಎಳೆಯುವ ಜಾಲರಿ. ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಮ್ಯಾನುಯಲ್ ತೋರಿಸುತ್ತದೆ. ಕೂದಲು, ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಕೊಡು–ಕೊಳ್ಳುವಿಕೆಯನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ. ಅದರ ಮುಂದೆ ಚೀಲ ಇಡಬೇಡಿ, ವ್ಯಾಕ್ಯೂಮ್ ಹಿಡಿದು ತೆಗೆಸಿ. ಈ ನಡುವೆ ಟಯರ್ ಬದಲಿಸಿ ಅಗಲದ್ದು ಹಾಕಿಸಿದ್ದರೆ ಉಳಿದ ತನಿಖೆಯೇ ಬೇಡ, ಕಳ್ಳ ಸಿಕ್ಕಿದ.

ಪ್ರಶ್ನೆ: ಡಿಸ್‌ಪ್ಲೇ 23 ಅನ್ನುತ್ತದೆ, ಬಂಕಿನ ಬಿಲ್ಲು 21 ಅನ್ನುತ್ತದೆ. ಯಾವುದನ್ನು ನಂಬಲಿ? 45 ಲೀಟರ್ ಟ್ಯಾಂಕಿನಲ್ಲಿ ಸಾವಿರ ಕಿ.ಮೀ. ಆಗುತ್ತದೆಯೇ? (ಹುಬ್ಬಳ್ಳಿ)

ಬಿಲ್ಲನ್ನು ನಂಬಿ. ಡಿಸ್‌ಪ್ಲೇ ಸ್ವಲ್ಪ ಹೆಚ್ಚು ಹೇಳುವುದು ಮಾಮೂಲು. ಪಂಪಿನ ನಾಜಲ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಾಲು ಟ್ಯಾಂಕ್ ಉಳಿಯುವವರೆಗೆ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಟಕ್‌ಗೆ ತುಂಬಿಸಿ. 712 ಕಿ.ಮೀ. ಓಡಿ 33.4 ಲೀಟರ್ ಹಿಡಿದರೆ 21.3. ಟಕ್ ಅನ್ನುವ ಮಟ್ಟ ಒಂದೊಂದು ಸಲ ಒಂದು ಲೀಟರ್ ಆಚೀಚೆ ಆಗುವುದರಿಂದ ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ಟಕ್ ಆದ ಮೇಲೂ ‘ಇನ್ನೂ ಸ್ವಲ್ಪ’ ಎಂದು ಕುಲುಕಿ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವವೇ ಹೋಗಿ ಅದು ಹಾಳಾಗುತ್ತದೆ.

ಪೆಟ್ರೋಲೂ ಬದಲಾಗಿದೆ, ಅದರಲ್ಲಿ ಎಥೆನಾಲ್ ಬೆರೆತಿದೆ: ಇ10 ಎಂದರೆ ನೂರಕ್ಕೆ 10 ಭಾಗ, ಇ20 ಎಂದರೆ 20. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಹಾಗಾಗಿ ಇ20 ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳು ಭಾಗ, ಇ10ಕ್ಕಿಂತ ಮೂರು ಭಾಗದಷ್ಟು ಶಕ್ತಿ ಕಡಿಮೆ. ನಿಮ್ಮ ಕಾಲಿನ ತಪ್ಪಲ್ಲ.

ಸಾವಿರದ ವಿಷಯ: 22ರಂತೆ 45 ಲೀಟರಿಗೆ 990. ಆದರೆ ಕೊನೆಯ ಐದು ಲೀಟರಿಗೆ ಕೈ ಹಾಕಬೇಡಿ, 880ಕ್ಕೆ ತೃಪ್ತರಾಗಿ. ಟ್ಯಾಂಕ್ ಒಣಗಿದರೆ ಹೈಬ್ರಿಡ್ ತಕ್ಷಣ ನಿಲ್ಲುವುದಿಲ್ಲ, ಬ್ಯಾಟರಿಯಿಂದ ಇನ್ನಷ್ಟು ದೂರ ಹೋಗುತ್ತದೆ. ಅದೇ ಮೋಸ. ಇವುಗಳಲ್ಲಿ ಎಂಜಿನ್ನನ್ನು ಎಬ್ಬಿಸುವುದೂ ಅದೇ ದೊಡ್ಡ ಬ್ಯಾಟರಿ. ಅದೂ ಬರಿದಾದರೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಸುರಿದರೂ ಎಂಜಿನ್ ಏಳದೆ ಕಾರನ್ನು ಲಾರಿಯ ಮೇಲೆ ಹೇರಬೇಕಾಗಬಹುದು.

ಪ್ರಶ್ನೆ: ಎ.ಸಿ. ಆಫ್ ಮಾಡಿ ಕಿಟಕಿ ತೆಗೆದರೆ ಉಳಿತಾಯವೇ? (ಕಲಬುರಗಿ)

ನಿಮ್ಮೂರಿನ ಏಪ್ರಿಲ್‌ನಲ್ಲಿ ಅಂಥ ತಪಸ್ಸು ಬೇಡ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಕಂಪ್ರೆಸರ್ ಬೆಲ್ಟಿನದಲ್ಲ, ಕರೆಂಟಿನದು, ಬೇಕಾದಷ್ಟೇ ತಿರುಗುತ್ತದೆ. ನೆರಳಲ್ಲಿ ನಿಲ್ಲಿಸಿ, ಹೊರಡುವಾಗ ಎರಡು ನಿಮಿಷ ಕಿಟಕಿ ತೆಗೆದು ಬಿಸಿಗಾಳಿ ಹೊರಹಾಕಿ, ಆಮೇಲೆ ಆಟೋ, 25 ಡಿಗ್ರಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ. ಕ್ಯಾಬಿನ್ ತಂಪಾಗಿದ್ದರೆ ಅಲ್ಲಿಂದ ಗಾಳಿ ಎಳೆಯುವ ಬ್ಯಾಟರಿಗೂ ಒಳ್ಳೆಯದು. ಬಿಸಿಗಿಂತ ಚಳಿಯೇ ದುಬಾರಿ: ಮಡಿಕೇರಿಯ ಬೆಳಗಿನಲ್ಲಿ ಹೀಟರ್ ಹಾಕಿದರೆ ಬಿಸಿನೀರಿಗಾಗಿಯೇ ಎಂಜಿನ್ ಓಡುತ್ತಿರಬೇಕಾಗುತ್ತದೆ.

ಪ್ರಶ್ನೆ: ನನ್ನ ಕಾರಿನ ಹಿಂದೆ ‘ಸ್ಮಾರ್ಟ್ ಹೈಬ್ರಿಡ್’ ಎಂದಿದೆ. ಇ.ವಿ. ಮೋಡ್ ಗುಂಡಿ ಎಲ್ಲಿ? (ದಾವಣಗೆರೆ)

ಇಲ್ಲ. ಅದು ಮೈಲ್ಡ್ ಹೈಬ್ರಿಡ್. ಅದರ ಪುಟ್ಟ ಮೋಟಾರ್ ಎಂಜಿನ್ನಿಗೆ ಹೆಗಲು ಕೊಡುತ್ತದೆ, ಕಾರನ್ನು ತಾನೊಂದೇ ಎಳೆಯಲಾರದು. ಟಯರ್, ವೇಗ, ಬ್ರೇಕಿನ ಮಾತು ನಿಮಗೂ ಅನ್ವಯಿಸುತ್ತದೆ, ಉಳಿದದ್ದು ಬಿಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಎರಡು ತಿಂಗಳು ಹೊರದೇಶಕ್ಕೆ ಹೊರಟಿದ್ದೇವೆ. ಕಾರು ಶೆಡ್ಡಿನಲ್ಲಿರುತ್ತದೆ. (ಶಿವಮೊಗ್ಗ)

ತೊಂದರೆ ಬರುವುದು ದೊಡ್ಡ ಬ್ಯಾಟರಿಯಿಂದಲ್ಲ, 12 ವೋಲ್ಟಿನ ಸಣ್ಣದರಿಂದ. ಅದು ಸತ್ತರೆ ‘ರೆಡಿ’ ದೀಪವೇ ಹತ್ತುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡುವುದೂ ಆಗದು. ನಂಬಿಕಸ್ತರಿದ್ದರೆ ವಾರಕ್ಕೊಮ್ಮೆ ಶೆಡ್ಡಿನಿಂದ ಹೊರತಂದು ಅರ್ಧ ಗಂಟೆ ರೆಡಿ ಸ್ಥಿತಿಯಲ್ಲಿ, ಪಿ ಗೇರಿನಲ್ಲಿ ಬಿಡಲಿ, ಇಲ್ಲವೇ ಒಂದು ಸುತ್ತು ಹಾಕಲಿ. ಬರೀ ಪವರ್ ಆನ್ ಮಾಡಿ ಕೂತರೆ ಚಾರ್ಜ್ ಆಗುವ ಬದಲು ಇಳಿಯುತ್ತದೆ. ಯಾರೂ ಇಲ್ಲದಿದ್ದರೆ ಹೊರಡುವ ದಿನ ಅದರ ನೆಗೆಟಿವ್ ವೈರ್ ಬಿಚ್ಚಿಡಿ. ಟಯರಿಗೆ ಎರಡು ಪಿಎಸ್‌ಐ ಹೆಚ್ಚು ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು ಕೊಡಿ. ಸ್ಮಾರ್ಟ್ ಕೀ ಕಾರಿನ ಹತ್ತಿರ ಬೇಡ, ಒಳಮನೆಯ ಬೀರುವಿನಲ್ಲಿರಲಿ.