ಅಪ್ಪನಿಗೆ ‘ಸಾಕು’ ಅನ್ನಬಲ್ಲಿರಾ?

ಪ್ರಶ್ನೆ: ನನಗೆ 28, ಬೆಂಗಳೂರಿನಲ್ಲಿ ಕೆಲಸ. ಅಪ್ಪನಿಗೆ 61, ಸಾರಿಗೆ ನಿಗಮದಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಇಬ್ಬರಿಗೂ ಬೈಕ್ ಹುಚ್ಚು, ಒಂದೊಂದು ಬೈಕೂ ಇದೆ. ಐರನ್ ಬಟ್ ಅಸೋಸಿಯೇಷನ್ ಎಂಬ ದೂರದ ಬೈಕ್ ಸವಾರರ ಸಂಘದ ‘ಸ್ಯಾಡಲ್‌ಸೋರ್’, ಅಂದರೆ 24 ಗಂಟೆಯಲ್ಲಿ 1,600 ಕಿ.ಮೀ.ಗೂ ಮೇಲೆ ಓಡಿಸುವ ರೈಡ್ ಮಾಡೋಣ, ಪುಣೆಗೆ ಹೋಗಿ ವಾಪಸ್ ಬರೋಣ ಅಂತ ಅಪ್ಪನ ಹಟ. ಅವರಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ‘ನೀನೇ ಬೇಡ ಅನ್ನು’ ಅಂತ ಅಮ್ಮ. ಬೇಡ ಅಂದರೆ ‘ವಯಸ್ಸಾಯ್ತು ಅಂತ ತಾನೇ’ ಎಂದು ಅಪ್ಪ ಕೊರಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪತ್ರದಲ್ಲಿ ಅಪ್ಪನ ಹಟವಿದೆ, ಅಮ್ಮನ ಆತಂಕವಿದೆ. ಈ ರೈಡ್ ನಿಮಗೆ ಬೇಕೋ ಬೇಡವೋ ಅನ್ನುವುದೇ ಇಲ್ಲ. ಮೊದಲು ಅದು ಇತ್ಯರ್ಥವಾಗಲಿ. ಅಮ್ಮನ ವಕಾಲತ್ತು ವಹಿಸಿಕೊಂಡಂತೂ ಹೋಗಬೇಡಿ. ‘ನಿಮ್ಮಮ್ಮ ಹೇಳಿಕೊಟ್ಟಳಾ?’ ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಈಗ ಲೆಕ್ಕ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ವೇಗದ ಮಿತಿ ಗಂಟೆಗೆ 80 ಕಿ.ಮೀ. ಎಲ್ಲೂ ನಿಲ್ಲದೆ, ಅಷ್ಟೇ ವೇಗದಲ್ಲಿ ಹೋದರೂ 20 ಗಂಟೆ ಬೇಕು. ಪೆಟ್ರೋಲು, ಊಟ, ಶೌಚ, ನಿದ್ದೆ ಎಲ್ಲಕ್ಕೂ ಉಳಿಯುವುದು 4 ಗಂಟೆ. ಅದನ್ನೂ ಸಾತಾರಾ ಆಚೆಯ ಖಂಬಾಟ್ಕಿ ಘಾಟಿ ಮತ್ತು ಪುಣೆಯ ಟ್ರಾಫಿಕ್ಕು ತಿಂದುಹಾಕುತ್ತವೆ. ಆಮೇಲೆ ಮಿತಿ ಮೀರಿ ಓಡಿಸಬೇಕು, ಇಲ್ಲವೇ ನಿದ್ದೆ ಬಿಡಬೇಕು.

‘ನಾನು ಎಷ್ಟು ನೈಟ್ ಡ್ಯೂಟಿ ಮಾಡಿಲ್ಲ!’ ಅಂತ ಅವರು ಅಂದೇ ಅನ್ನುತ್ತಾರೆ. ಅಲ್ಲೇ ಹಿಡಿಯಿರಿ. ಅವರು ದುಡಿದದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಡಿ: ದಿನಕ್ಕೆ 8 ಗಂಟೆ ಕೆಲಸ, ದೂರದ ರೂಟಿನಲ್ಲೂ 10 ದಾಟುವಂತಿರಲಿಲ್ಲ. ದೂರದ ನೈಟ್ ಬಸ್ಸಿಗೆ ಇಬ್ಬರು ಡ್ರೈವರ್‌ಗಳನ್ನು ಯಾಕೆ ಹಾಕುತ್ತಾರೆ ಅಂತ ಅವರನ್ನೇ ಕೇಳಿ. (ಇಂಥವರಿಗೆ ಡಾಕ್ಟರ ಮಾತಿಗಿಂತ ಡಿಪೋ ಮಾತು ಬೇಗ ನಾಟುತ್ತದೆ.)

ಹಾಗಂತ ಡಾಕ್ಟರನ್ನು ಬಿಡಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಶುಗರ್ ತೀರಾ ಇಳಿಯಬಹುದು. ಬೆವರುತ್ತದೆ, ಕೈ ನಡುಗುತ್ತದೆ, ತಲೆ ಮಂಕಾಗುತ್ತದೆ. ರೈಡಿಂಗ್ ಜಾಕೆಟ್ಟಿನೊಳಗೆ ಬೆವರಿದರೆ ಅದು ಸೆಕೆಗೋ ಶುಗರಿಗೋ ಅಂತ ಅವರಿಗೇ ತಿಳಿಯುವುದಿಲ್ಲ.

ನನ್ನ ಕೇಳಿದರೆ, 24 ಗಂಟೆಯ ಪಣ ಸದ್ಯಕ್ಕೆ ಬೇಡ, ಪುಣೆ ಇರಲಿ. ಬೆಳಿಗ್ಗೆ ಹೊರಟು ಸುಮಾರು 500 ಕಿ.ಮೀ. ದೂರದ ಬೆಳಗಾವಿಯಲ್ಲಿ ರಾತ್ರಿ ತಂಗಿ, ಮರುದಿನ ಮುಂದಕ್ಕೆ ಹೋಗಿ. ಹೊರಡುವ ಮುಂಚೆ ಒಂದು ಕರಾರು: ಯಾರೇ ‘ಸಾಕು’ ಅಂದರೂ ಮುಂದಿನ ಬಂಕಿನಲ್ಲಿ ಇಬ್ಬರೂ ನಿಲ್ಲಿಸಬೇಕು. ಯಾಕೆ ಅಂತ ಕೇಳುವಂತಿಲ್ಲ, ಮನೆಗೆ ಬಂದ ಮೇಲೆ ಆಡಿಕೊಳ್ಳುವಂತಿಲ್ಲ. ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಹಾಕಿಸಿದರೆ ಕೈಸನ್ನೆಯ ಗೋಜಿಲ್ಲ.

ನನಗೆ ಅನುಮಾನವಿರುವುದು ಅಪ್ಪನ ತಾಕತ್ತಿನ ಮೇಲಲ್ಲ, ನಿಮ್ಮ ಬಾಯಿಯ ಮೇಲೆ. ನಡುಮನೆಯಲ್ಲಿ ಅಪ್ಪನಿಗೆ ಎದುರು ಹೇಳಲಾಗದ ಮಗಳು ನಡುರಾತ್ರಿ ಮೂರಕ್ಕೆ, ಕೊಲ್ಹಾಪುರದ ಹತ್ತಿರ, ಅವರ ಬೈಕು ಗೆರೆ ಬಿಟ್ಟು ವಾಲುತ್ತಿರುವಾಗ ಹೇಳುತ್ತಾಳೆಯೇ? ಹಾಗಾಗಿ ಈ ಪ್ರಯಾಣದಲ್ಲಿ ಒಮ್ಮೆಯಾದರೂ ‘ಅಪ್ಪಾ, ಸಾಕು’ ಅನ್ನಿ. ನಿಲ್ಲಿಸಿದರೆ ಮುಂದೆಂದಾದರೂ 1,600ರ ಮಾತಾಡಬಹುದು. ‘ಇನ್ನೊಂದು ಐವತ್ತು ಕಿಲೋಮೀಟರ್ ಕಣೇ’ ಅಂದರೆ ಅವರು ಎಷ್ಟೇ ಕೊರಗಿದರೂ ಆ ರೈಡ್‌ಗೆ ಒಪ್ಪಬೇಡಿ.